ನಲವತ್ತನೆಯ ಊರು

೨೦೦೩ನೇ ಇಸವಿ ಜೂನ್ ೧೧, ಬುಧವಾರ. ಅಂದು ನಮ್ಮ ಜಿಲ್ಲೆಯ ನಲವತ್ತನೆಯ ಊರಿನ ಜನಸಂಖ್ಯೆ ಒಂದು.

ಆ ಒಬ್ಬ ಅಂಬಿಗ. ವಯಸ್ಸು ಎಪ್ಪತ್ತೊಂದು. ನದಿಯ ನಡುವಿನ ಗಡ್ಡೆಯ ಮೇಲೆ ಅವನ ಮನೆ. ಆ ಮನೆಯೇ ಊರು.

ಈ ಒಂದರ ಬೆಲೆ ತಿಳಿಯಬೇಕಾದರೆ ಜಿಲ್ಲೆಯನ್ನು ತಿಳಿಯಬೇಕು. ಅದನ್ನು ಹೇಳುವ ಹೊಣೆ ನನ್ನದೇ. ಇಪ್ಪತ್ತನಾಲ್ಕು ವರ್ಷಗಳಿಂದ ಐದನೇ ತರಗತಿಯ ಮಕ್ಕಳು ಓದುತ್ತಿರುವ ‘ನಮ್ಮ ಜಿಲ್ಲೆ: ಭೂಗೋಳ ಮತ್ತು ಚರಿತ್ರೆ’ ಎಂಬ ಅರವತ್ತನಾಲ್ಕು ಪುಟದ ಪುಸ್ತಕ ಬರೆದವನು ನಾನು. ವೃತ್ತಿಯಿಂದ ಗಣಿತದ ಮೇಷ್ಟ್ರು. ಭೂಗೋಳದ ಮೇಷ್ಟ್ರು ವರ್ಗವಾಗಿ ಹೋದದ್ದರಿಂದ ಆ ಕೆಲಸ ನನ್ನ ಕೊರಳಿಗೆ ಬಿತ್ತು.

ನದಿ ಉತ್ತರದಲ್ಲಿ ಒಳಗೆ ಬಂದು, ಮೂರು ಸಲ ತಿರುಗಿ, ಎಪ್ಪತ್ತನಾಲ್ಕು ಕಿಲೋಮೀಟರ್ ಹರಿದು ದಕ್ಷಿಣದಲ್ಲಿ ಹೊರಬೀಳುತ್ತದೆ. ಎರಡನೆಯ ತಿರುವಿನ ಎತ್ತರದ ದಂಡೆಯ ಮೇಲೆ ಪಟ್ಟಣ. ಅದಕ್ಕೆ ಎದುರಾಗಿ ಸಾವಿರದ ನೂರು ಮೀಟರ್ ದೂರದಲ್ಲಿ ಆ ಗಡ್ಡೆ. ಪಟ್ಟಣವು ಜಿಲ್ಲಾಕೇಂದ್ರವಾದದ್ದಕ್ಕೆ ಘನವಾದ ಕಾರಣವೇನೂ ಇಲ್ಲ. ೧೮೬೯ರಲ್ಲಿ ನದಿಯನ್ನು ಅಳೆಯುತ್ತ ಬಂದ ಅಧಿಕಾರಿಯೊಬ್ಬ ಇಲ್ಲಿ ಜ್ವರ ಹಿಡಿದು ನಾಲ್ಕು ತಿಂಗಳು ಮಲಗಿದ. ಅವನ ಕಾಗದಪತ್ರಗಳು ಒಂದು ಉಪ್ಪಿನ ಉಗ್ರಾಣದಲ್ಲಿ ಉಳಿದವು. ಕಾಗದಕ್ಕೆ ಕಾವಲುಗಾರ ಬಂದ. ಕಾವಲುಗಾರನಿಗೆ ಸಂಬಳ ಬಟವಾಡೆ ಮಾಡಲು ಗುಮಾಸ್ತ ಬಂದ. ಗುಮಾಸ್ತನನ್ನು ಗದರಿಸಲು ಮೇಲಧಿಕಾರಿ ಬಂದ. ಜಿಲ್ಲೆ ಆಯಿತು. ಆ ಉಗ್ರಾಣವೇ ಇಂದಿನ ಜಿಲ್ಲಾ ಆಸ್ಪತ್ರೆ. ಮಳೆಗಾಲದಲ್ಲಿ ಅದರ ಗೋಡೆಗಳು ಈಗಲೂ ಬೆಳ್ಳಗೆ ಉಪ್ಪು ಬಿಡುತ್ತವೆ.

ಜಿಲ್ಲೆ ಎನಿಸಿಕೊಳ್ಳಲು ಜನವಸತಿ ಇರುವ ನಲವತ್ತು ಊರುಗಳಿರಬೇಕೆಂಬುದು ನಿಯಮ. ಮೊದಲ ಎಣಿಕೆಯಲ್ಲಿ ನಲವತ್ತೇಳು ಇದ್ದವು. ಐದನ್ನು ನದಿ ತಿಂದಿತು, ಎರಡು ಪಟ್ಟಣದೊಳಗೆ ಕರಗಿದವು. ಹತ್ತು ವರ್ಷಕ್ಕೊಮ್ಮೆ ಎಣಿಸುತ್ತಾರೆ. ಒಂದು ಕಡಿಮೆಯಾದರೂ ಪಕ್ಕದ ಜಿಲ್ಲೆಗೆ ಸೇರಿಸುತ್ತಾರೆ. ಈ ಸಲದ ಎಣಿಕೆ ಜೂನ್ ೧೯ಕ್ಕೆ ನಿಗದಿಯಾಗಿತ್ತು.

ಜಿಲ್ಲೆ ಹೋದರೆ ನ್ಯಾಯಾಲಯ ಹೋಗುತ್ತದೆ, ಖಜಾನೆ ಹೋಗುತ್ತದೆ. ಹೋಗಲಿ. ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡುವ ಎರಡು ಯಂತ್ರಗಳಿವೆ. ಅವು ಜಿಲ್ಲಾ ಆಸ್ಪತ್ರೆಗೆ ಮಾತ್ರ ಸಲ್ಲುವಂಥವು. ನನ್ನ ಹೆಂಡತಿಯ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಮೂರು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ, ಮಧ್ಯಾಹ್ನ ಒಂದರಿಂದ ಐದರವರೆಗೆ ಆಕೆಯ ರಕ್ತ ಆ ಯಂತ್ರದೊಳಗೆ ಹೋಗಿ ತೊಳೆಸಿಕೊಂಡು ಬರಬೇಕು. ಪಕ್ಕದ ಜಿಲ್ಲೆಯ ಆಸ್ಪತ್ರೆ ತೊಂಬತ್ತನಾಲ್ಕು ಕಿಲೋಮೀಟರ್ ದೂರ. ಅಲ್ಲಿ ಸರದಿ ಕಾಯುವವರ ಪಟ್ಟಿಯಲ್ಲಿ ಆಗಲೇ ಇಪ್ಪತ್ತಮೂರು ಜನ. ನಮಗೆ ಮಕ್ಕಳಿಲ್ಲ.

ಆ ಬುಧವಾರ ಐದು ಗಂಟೆಗೆ, ಹೆಂಡತಿಯ ತೋಳಿನ ಸೂಜಿ ತೆಗೆದು ಹತ್ತಿ ಒತ್ತುತ್ತ ನರ್ಸ್ ಹೇಳಿದಳು: “ಮೇಷ್ಟ್ರೇ, ಭಾನುವಾರ ಅಪ್ಪನ್ನ ಈ ಕಡೆ ಕರ್ಕೊಂಡು ಬರ್ತಿದೀನಿ. ಇನ್ನೊಂದು ಮಳೆಗಾಲ ಆ ತೇವದಲ್ಲಿ ಮಲಗಿದ್ರೆ ಎದೆ ಉಳಿಯಲ್ಲ ಅಂದಿದಾರೆ ಡಾಕ್ಟ್ರು.”

ನರ್ಸ್ ಅಂಬಿಗನ ಒಬ್ಬಳೇ ಮಗಳು.

“ಒಳ್ಳೇದಾಯ್ತು ಕಣೆ ಮಗಳೇ,” ಎಂದಳು ನನ್ನ ಹೆಂಡತಿ. “ಪಾಪ, ಅಲ್ಲಿ ಒಬ್ಬನೇ ಯಾರ ಜೊತೆ ಜಗಳ ಆಡ್ತಾನೆ?”

“ನದಿ ಜೊತೆ ಅಮ್ಮ. ಅದು ತಿರುಗಿ ಬೈಯಲ್ಲ ಅಂತ ಬೇಜಾರು.”

ಇಬ್ಬರೂ ನಕ್ಕರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಭಾನುವಾರ ಹದಿನೈದು. ಎಣಿಕೆ ಹತ್ತೊಂಬತ್ತು.

“ಹತ್ತೊಂಬತ್ತರ ತನಕ ಅಲ್ಲೇ ಇರಲಿ,” ಎಂದೆ.

ನರ್ಸ್ ನಗು ನಿಲ್ಲಿಸಿದಳು. ಹತ್ತಿಯ ಮೇಲಿನ ಬೆರಳು ಮಾತ್ರ ಅಲುಗಲಿಲ್ಲ. “ನನಗೂ ಗೊತ್ತು ಮೇಷ್ಟ್ರೇ. ಈ ಮೆಷಿನ್ ಹೋದ್ರೆ ನನ್ನ ಕೆಲಸಾನೂ ಹೋಗುತ್ತೆ. ಆದ್ರೆ ಅದು ನಾಲ್ಕು ದಿನದ ಮಾತಲ್ಲ. ನಿಯಮ ಪೂರ್ತಿ ಓದಿದೀರಲ್ಲ? ಎಣಿಕೆಗೆ ಮುಂಚೆ ಮೂರು ರಾತ್ರಿ, ಆಮೇಲೆ ಒಂದು ವರ್ಷ. ನಡುವೆ ಯಾವತ್ತು ಬೇಕಾದ್ರೂ ಬಂದು ನೋಡ್ತಾರೆ, ಮನೆ ಖಾಲಿ ಇದ್ರೆ ಊರು ಹೊಡೆದು ಹಾಕ್ತಾರೆ. ಒಂದು ವರ್ಷ ಅಪ್ಪ ಅಲ್ಲಿ ಇದ್ರೆ, ಆಮೇಲೆ ಕರ್ಕೊಂಡು ಬರೋಕೆ ಅಪ್ಪ ಇರಲ್ಲ.”

ನಿಯಮವನ್ನು ನಾನು ಪೂರ್ತಿ ಓದಿದ್ದೆ. ಓದಿಯೂ ಹಾಗೆ ಕೇಳಿದ್ದೆ.

ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಎರಡು ಕಡೆ ಕೂತು ಸುಧಾರಿಸಿಕೊಂಡಳು. ಎರಡನೆಯ ಸಲ, ಕೊಡೆ ರಿಪೇರಿಯವನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೇಳಿದಳು: “ಏನ್ರೀ, ಆ ಹುಡುಗಿ ಹತ್ರ ಹಾಗೆ ಕೇಳಬಾರದಿತ್ತು. ನಾಡಿದ್ದು ಸೂಜಿ ಚುಚ್ಚೋಳು ಅವಳೇ.” ನನ್ನ ಕೈಹಿಡಿದು ಏಳುವಾಗ ಅಂದಳು: “ತಮಾಷೆಗೆ ಅಂದೆ. ಅವಳು ಅಂಥೋಳಲ್ಲ.”

ಗುರುವಾರ ಮೀನುಗಾರನೊಬ್ಬನ ದೋಣಿ ಹತ್ತಿ ಗಡ್ಡೆಗೆ ಹೋದೆ. ಮೊದಲು ಕಂಡದ್ದು ಬಾವಿ. ಸುತ್ತಲಿನ ಮಣ್ಣು ಒಂದು ಬದಿಯಲ್ಲಿ ಕೊಚ್ಚಿಹೋಗಿ, ಬಾವಿಯ ಇಟ್ಟಿಗೆಯ ಗೋಡೆ ನೀರಿನ ಅಂಚಿನಲ್ಲಿ ಗೋಪುರದಂತೆ ನಿಂತಿತ್ತು. ನೆಲದೊಳಗೆ ಇರಬೇಕಾದದ್ದು ನೆಲದ ಹೊರಗೆ ನಿಂತಿರುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಲ್ಲಿಂದ ಮನೆಯ ಹೊಸಿಲಿಗೆ ಮೂವತ್ತೊಂದು ಅಡಿ. ಮನೆಯ ಹಿಂದೆ ಹದಿನಾಲ್ಕು ಅಡಿ, ಆಮೇಲೆ ಮತ್ತೆ ನದಿ.

ಅಂಬಿಗ ಜಗಲಿಯ ಮೇಲೆ ಕೂತು ಕೆಮ್ಮುತ್ತಿದ್ದ. ನನ್ನನ್ನು ಕಂಡು ಏಳಲಿಲ್ಲ.

“ಬನ್ನಿ ಮೇಷ್ಟ್ರೇ. ಪುಟ ಮೂವತ್ತೆಂಟು.”

“ಏನು?”

“ನಿಮ್ಮ ಪುಸ್ತಕ. ‘ನದೀಮಧ್ಯದ ಗಡ್ಡೆ. ಮರಳು ನೆಲ. ಮುಖ್ಯ ಕಸುಬು ದೋಣಿ. ವಿಶೇಷವೇನೂ ಇಲ್ಲ.’ ನನ್ನ ಮಗಳು ಇದೇ ಜಗಲಿ ಮೇಲೆ ಕೂತು ಗಟ್ಟಿಯಾಗಿ ಬಾಯಿಪಾಠ ಮಾಡ್ತಿದ್ಲು. ಆಗ ಇಲ್ಲಿ ಇಪ್ಪತ್ತಾರು ಮನೆ. ಇಪ್ಪತ್ತಾರು ಮನೆಗೂ ಕೇಳಿಸ್ತಿತ್ತು.” ಕೆಮ್ಮು ನಿಲ್ಲುವವರೆಗೆ ಕೈಯೆತ್ತಿ ನನ್ನನ್ನು ತಡೆದ. “ಬರೆಯೋ ಮುಂಚೆ ಒಂದ್ಸಲ ಬಂದು ನೋಡಿದ್ರಾ?”

“ಇಲ್ಲ. ಕಚೇರಿಯ ಕಡತ ನೋಡಿ ಬರೆದೆ.”

ಉತ್ತರವನ್ನು ತಾಳೆ ನೋಡದೆ ಬರೆದ ಹುಡುಗರನ್ನು ನಾನು ಮೂವತ್ತಾರು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವನು.

“ವಿಶೇಷ ಇಲ್ಲದ ಊರಿಗೆ ಈಗ ಏನು ಬಂದ್ರಿ?”

ಹೇಳಿದೆ. ನಿಯಮ, ಎಣಿಕೆ, ಯಂತ್ರ, ಹೆಂಡತಿ. ಹೇಳುವಾಗ “ಅಣ್ಣಾ” ಎಂದೆ. ಅದುವರೆಗೆ ನಾನು ಅವನನ್ನು ಹಾಗೆ ಕರೆದವನಲ್ಲ. ಹೊಳೆ ದಾಟುವಾಗ “ಏ, ಬೇಗ” ಎಂದದ್ದೇ ಹೆಚ್ಚು. “ಅಣ್ಣಾ, ಎರಡು ಸಲ ಯಂತ್ರ ತಪ್ಪಿದ್ರೆ ಮೂರನೇ ಸಲ ಬೇಕಾಗಲ್ಲ ಅಂತ ಡಾಕ್ಟ್ರು ಹೇಳಿದಾರೆ. ನೀವು ಇಲ್ಲಿ ಇದ್ರೆ ಅವಳು ಅಲ್ಲಿ ಇರ್ತಾಳೆ.” ಕೈಮುಗಿದೆ.

ಅಂಬಿಗ ನನ್ನ ಕೈಗಳನ್ನು ನೋಡಿದ. “ಇಳಿಸಿ ಮೇಷ್ಟ್ರೇ. ಮಗಳು ಕರೆದ್ಲು ಅಂತ ಹೋಗ್ತಿಲ್ಲ ನಾನು. ರಾತ್ರಿ ಉಸಿರು ಸಿಕ್ಕಲ್ಲ. ಎದ್ದು ಕೂತು ದಂಡೆ ಬೀಳೋದು ಕೇಳ್ತಾ ಇರ್ತೀನಿ. ಧಪ್ ಅಂತ ಒಂದು ಬೀಳುತ್ತೆ. ಇನ್ನೊಂದು ಯಾವಾಗ ಅಂತ ಕಾಯ್ತೀನಿ. ನನ್ನ ಕೈಲಿ ಆಗಲ್ಲ.”

“ನಾಲ್ಕು ದಿನ...”

“ಲೆಕ್ಕದ ಮೇಷ್ಟ್ರು, ಮುನ್ನೂರ ಅರವತ್ತೈದನ್ನ ನಾಲ್ಕು ಅಂತೀರಲ್ಲ!” ಎಂದು ನಕ್ಕ, ಮತ್ತೆ ಕೆಮ್ಮಿದ. “ಒಬ್ಬ ಮನುಷ್ಯ ಬೇಕು ತಾನೇ? ಅದು ನಾನೇ ಆಗ್ಬೇಕು ಅಂತ ಎಲ್ಲಿ ಬರೆದಿದೆ? ನೀವೇ ಬಂದು ಇರಿ.”

ಚುಚ್ಚುವುದಕ್ಕೆಂದೇ ಆಡಿದ ಮಾತು. ನಾನೂ ಹಾಗೆಯೇ ತೆಗೆದುಕೊಂಡು ಎದ್ದು ಬಂದೆ.

ಶುಕ್ರವಾರ ಬೆಳಗ್ಗೆ ಮತ್ತು ಶನಿವಾರ ಪಟ್ಟಣದಲ್ಲಿ ಹನ್ನೊಂದು ಬಾಗಿಲು ತಟ್ಟಿದೆ. ಎಲ್ಲರೂ ಕೂರಿಸಿದರು, ಎಲ್ಲರೂ ಜಿಲ್ಲೆ ಉಳಿಯಲೇಬೇಕೆಂದರು. ಕಾಗದದ ವ್ಯಾಪಾರಿಗೆ ಮಂಡಿನೋವು. ನಿವೃತ್ತ ಅಂಚೆ ಗುಮಾಸ್ತನಿಗೆ ಮೊಮ್ಮಗಳ ಪರೀಕ್ಷೆ. ಜಿಲ್ಲೆಯ ಹಕ್ಕಿನ ಬಗ್ಗೆ ಮೂರು ಭಾಷಣ ಮಾಡಿದ್ದ ವಕೀಲ, “ಜಿಲ್ಲೆಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ ಮೇಷ್ಟ್ರೇ, ಆ ಗಡ್ಡೆ ಮೇಲೆ ಮಾತ್ರ ಮಲಗಲ್ಲ,” ಎಂದ. ಹನ್ನೊಂದನೆಯ ಬಾಗಿಲಿನಿಂದ ಇಳಿಯುವಾಗ ಮೆಟ್ಟಿಲ ಮೇಲೆ ನಿಂತೆ. ಹನ್ನೆರಡನೆಯ ಬಾಗಿಲು ನನ್ನದೇ ಆಗಿತ್ತು.

ಹೆಂಡತಿ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತು, ದಿನಕ್ಕೆ ಕುಡಿಯಬಹುದಾದ ಅಳತೆಯ ನೀರನ್ನು ಲೋಟದಲ್ಲಿ ನೋಡುತ್ತಿದ್ದಳು. ಹೇಳಿದೆ.

“ನೀವಾ?” ಎಂದಳು. “ಟೀ ಮಾಡೋಕೆ ಬರಲ್ಲ. ಈಜೋಕೆ ಬರಲ್ಲ. ಹಲ್ಲಿ ಕಂಡ್ರೆ ನನ್ನ ಕರೀತೀರ.”

“ಕಲೀತೀನಿ.”

“ನನ್ನ ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗ್ತಾರೆ?”

“ಅಂಬಿಗ. ಅವನು ಮಗಳ ಮನೇಲಿ ಇರ್ತಾನೆ. ಕೇಳಿದ್ರೆ ಇಲ್ಲ ಅನ್ನಲ್ಲ.”

“ಹೆಂಡ್ತೀನ ದೋಣಿಯವನಿಗೆ ಒಪ್ಪಿಸಿ ಹೋಗೋ ಗಂಡನ್ನ ಇವತ್ತೇ ನೋಡಿದ್ದು.” ನಗಲು ನೋಡಿದಳು, ಆಗಲಿಲ್ಲ. ಲೋಟ ಕೆಳಗಿಟ್ಟಳು. “ನನಗೆ ಇನ್ನೆಷ್ಟು ದಿನ ಇದೆಯೋ ಗೊತ್ತಿಲ್ಲ. ಅಷ್ಟೂ ದಿನ ನೀವು ಆಚೆ ಇದ್ರೆ, ಈ ಮೆಷಿನ್ನು ಯಾಕ್ರೀ ನನಗೆ?”

ನಲವತ್ತೆರಡು ವರ್ಷಗಳ ಸಂಸಾರದಲ್ಲಿ ನನ್ನ ಅಂಗಿಗಳನ್ನು ಮಡಚಿದವಳು ಆಕೆಯೇ. ಅಂದು ನಾನೇ ಪೆಟ್ಟಿಗೆ ತೆಗೆದೆ. ನಾಲ್ಕು ಅಂಗಿ ಮಡಚಿದೆ. ಆಕೆ ನೋಡುತ್ತಿದ್ದು, ಕೊನೆಗೆ ಎರಡನ್ನು ಬಿಚ್ಚಿ ತಾನೇ ಸರಿಯಾಗಿ ಮಡಚಿದಳು.

ಭಾನುವಾರ ಪೆಟ್ಟಿಗೆ ಹಿಡಿದು ಮೀನುಗಾರನ ದೋಣಿಯಿಂದ ಗಡ್ಡೆಗೆ ಇಳಿದ ನನ್ನನ್ನು ಅಂಬಿಗ ಒಳಗೆ ಕರೆದುಕೊಂಡು ಹೋದ. ಆಮೇಲೆ ಒಲೆ ತೋರಿಸಿದ, ದೀಪ ತೋರಿಸಿದ, ಬಾವಿಯ ಕಡೆ ಹೋಗಬೇಡಿ ಎಂದ. ಅವನ ಮಗಳು ದೋಣಿಯಲ್ಲಿ ಅವನ ಹಾಸಿಗೆ ಸುತ್ತಿಡುತ್ತಿದ್ದಳು. ಬಂದು ನನ್ನೆದುರು ನಿಂತು ಹೇಳಿದಳು: “ಆಸ್ಪತ್ರೆ ಮೇಲಿನ ಮಹಡಿ ಕಿಟಕಿ ಇಲ್ಲಿಗೆ ಕಾಣುತ್ತೆ. ಅಮ್ಮಂದು ಡಯಾಲಿಸಿಸ್ ಮುಗಿದ ದಿನ ಐದು ಗಂಟೆಗೆ ಬಿಳಿ ಹೊದಿಕೆ ನೇತು ಹಾಕ್ತೀನಿ. ಕಂಡ್ರೆ ಚೆನ್ನಾಗಿದಾರೆ ಅಂತ ತಿಳ್ಕೊಳ್ಳಿ.”

ಗಡ್ಡೆಯಲ್ಲಿ ದೂರವಾಣಿ ಇರಲಿಲ್ಲ. ಇದ್ದ ಒಂದೇ ದೋಣಿಯೂ ಅವರೊಡನೆ ಹೋಗಬೇಕಿತ್ತು. ಹುಟ್ಟು ಹಾಕಲು ನನಗೆ ಬಾರದು.

“ಬಾಡಿಗೆ ಎಷ್ಟು?” ಎಂದೆ ಅಂಬಿಗನಿಗೆ.

“ಬಾಡಿಗೆ ಬೇಡ. ಪುಟ ಮೂವತ್ತೆಂಟು ತಿದ್ದಿಕೊಡಿ. ಬಾಯಲ್ಲಿ ಅಲ್ಲ, ಅಚ್ಚಾಗಿ ಬರ್ಬೇಕು. ಮಕ್ಕಳು ಓದ್ಬೇಕು. ಅಲ್ಲೀವರೆಗೆ ಅದು ನಿಮ್ಮ ಮೇಲಿನ ಸಾಲ.”

ಒಪ್ಪಿದೆ.

ಹತ್ತೊಂಬತ್ತರಂದು ಎಣಿಕೆಯ ಅಧಿಕಾರಿ ಬಂದ. ಮೂವತ್ತು ದಾಟದ ಯುವಕ. ಪ್ಯಾಂಟನ್ನು ಮಂಡಿಯವರೆಗೆ ಮಡಚಿಕೊಂಡಿದ್ದ.

“ವೃತ್ತಿ?”

“ನಿವೃತ್ತ ಗಣಿತ ಶಿಕ್ಷಕ.”

“ಮನೆಯಲ್ಲಿ ಒಟ್ಟು ಜನ?”

“ಒಬ್ಬ.”

“ಕುಟುಂಬ?”

“ಎದುರು ದಂಡೆಯಲ್ಲಿ.”

ಅವನು ಬರೆಯುವುದನ್ನು ನಿಲ್ಲಿಸಿ ತಗ್ಗಿದ ದನಿಯಲ್ಲಿ ಹೇಳಿದ: “ಸಾರ್, ನಿಮ್ಮ ಪುಸ್ತಕ ಓದಿ ಪಾಸಾದೋನು ನಾನು. ಸಹಿ ಹಾಕಿ ಮನೆಗೆ ಹೋಗ್ಬಿಡಿ. ಪರಿಶೀಲನೆಯವರು ಕಾಲು ಒದ್ದೆ ಮಾಡ್ಕೊಳ್ಳೋ ಜನ ಅಲ್ಲ.”

“ಬಂದರೆ?”

“ಬಂದ್ರೆ... ಮನೆ ಖಾಲಿ ಅಂತ ಬರೀತಾರೆ.”

“ಹಾಗಾದರೆ ಇರುತ್ತೇನೆ.”

ಸಹಿ ಹಾಕಿದೆ. ಊರುಗಳು ನಲವತ್ತು. ಜಿಲ್ಲೆ ಒಂದು ವರ್ಷದ ಮಟ್ಟಿಗೆ ಉಳಿಯಿತು. ಪರಿಶೀಲನೆಯವರು ಜುಲೈ ಒಂಬತ್ತಕ್ಕೆ ಬಂದರು, ಸೆಪ್ಟೆಂಬರ್ ಎರಡಕ್ಕೆ ಮತ್ತೆ ಬಂದರು. ಎರಡೂ ಸಲ ಒಲೆ ಉರಿಯುತ್ತಿತ್ತು.

ಉಳಿದ ದಿನಗಳನ್ನು ವಿವರಿಸುವ ಅಗತ್ಯವಿಲ್ಲ. ತಿಂಗಳಿಗೆ ಎರಡು ಸಲ ಮೀನುಗಾರ ಅಕ್ಕಿ, ಕಾಗದಪತ್ರ ತಂದುಕೊಡುತ್ತಿದ್ದ; ಒಮ್ಮೆ ಊರಿನ ಹಳೆಯ ಸಂಗತಿ ಹೇಳಲು ತನ್ನ ತಾಯಿಯನ್ನೂ ಕರೆತಂದ. ಪ್ರತಿ ತಿಂಗಳ ಹದಿನೈದರಂದು ಗಂಟು ಹಾಕಿದ ಹಗ್ಗದಿಂದ ದಂಡೆಯನ್ನು ಅಳೆದೆ. ಆಗಸ್ಟಿನಲ್ಲಿ ಬಾವಿ ಬಿತ್ತು. ಹಗಲಿನಲ್ಲೇ, ನಾನು ನೋಡುತ್ತಿದ್ದಂತೆ, ದಣಿದವರು ಕೂರುವ ಹಾಗೆ ನೀರಿನೊಳಗೆ ಕೂತಿತು. ಅಂಬಿಗ ಹೇಳಿದ ಧಪ್ಪೆನ್ನುವ ಸದ್ದು ನನಗೂ ಪರಿಚಯವಾಯಿತು. ಜೂನಿನ ಮೂವತ್ತೊಂದು ಅಡಿ ಅಕ್ಟೋಬರಿಗೆ ಹತ್ತೊಂಬತ್ತಾಯಿತು. ತಿಂಗಳಿಗೆ ಮೂರು ಅಡಿ. ಆ ಲೆಕ್ಕದಂತೆ ಏಪ್ರಿಲ್ ಇಪ್ಪತ್ತೈದರ ಹೊತ್ತಿಗೆ ನದಿ ಹೊಸಿಲಿಗೆ ಬರುತ್ತದೆ. ನಾನು ಇಲ್ಲಿರಬೇಕಾದದ್ದು ಜೂನ್ ಹದಿನೆಂಟರವರೆಗೆ. ಐವತ್ತನಾಲ್ಕು ದಿನ ಕಡಿಮೆ. ಈ ಲೆಕ್ಕವನ್ನು ಏಳು ಸಲ ಮಾಡಿದೆ. ನದಿಗೆ ಸರಾಸರಿ ಗೊತ್ತಿಲ್ಲ ಎಂಬುದೊಂದೇ ಇದರಲ್ಲಿರುವ ಆಸೆ, ಭಯವೂ ಅದೇ.

ಹೊದಿಕೆ ತಪ್ಪಲಿಲ್ಲ. ಅಕ್ಟೋಬರ್ ಹದಿನೈದರವರೆಗೆ ಐವತ್ತಮೂರು ಸಲ, ಐದು ಗಂಟೆಗೆ ಸರಿಯಾಗಿ, ಕಿಟಕಿಯಲ್ಲಿ ಬೆರಳುಗುರಿನಷ್ಟು ಬಿಳಿ ಕಂಡಿತು. ಕಂಡ ಮೇಲೆ ಒಲೆ ಹಚ್ಚುತ್ತಿದ್ದೆ.

ಅಕ್ಟೋಬರ್ ಹದಿನೇಳು, ಶುಕ್ರವಾರ, ಹೊದಿಕೆ ಕಾಣಲಿಲ್ಲ.

ಐದೂವರೆಯಾಯಿತು, ಆರಾಯಿತು. ಕಿಟಕಿ ಗೋಡೆಯೊಳಗೆ ಕರಗಿತು. ಗಡಿಯಾರ ಮುಂದಿರಬಹುದೆಂದು ಅದನ್ನು ಅಲುಗಿಸಿ ನೋಡಿದೆ. ಶನಿವಾರ ಬೆಳಗಿನಿಂದ ದಂಡೆಯಲ್ಲಿ ನಿಂತೆ. ಎರಡು ದೋಣಿಗಳು ದೂರದಲ್ಲಿ ಹೋದವು. ಅಂಗಿ ಬಿಚ್ಚಿ ಬೀಸಿದೆ, ಕೂಗಿದೆ. ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಮಂಡಿಯವರೆಗೆ ನೀರಿಗಿಳಿದೆ. ಸೊಂಟದವರೆಗೆ ಇಳಿದೆ. ಅಲ್ಲಿ ನೆಲ ಜಾರಿತು; ಒಂದು ಬೇರು ಕೈಗೆ ಸಿಕ್ಕದಿದ್ದರೆ ಊರಿನ ಜನಸಂಖ್ಯೆ ಸೊನ್ನೆಯಾಗುತ್ತಿತ್ತು. ಮೇಲೆ ಬಂದು ಮಲಗಿ ಯೋಚಿಸಿದ್ದು ಇದು: ಆಕೆ ಹೋಗಿದ್ದರೆ ನಾನು ಕಾಯುತ್ತಿರುವುದು ಯಾರ ಜಿಲ್ಲೆಯನ್ನು?

ಭಾನುವಾರ ಹತ್ತು ಗಂಟೆಗೆ ಅಂಬಿಗನ ದೋಣಿ ಕಂಡಿತು. ನೀರಿನ ಅಂಚಿಗೆ ಓಡಿದೆ.

“ಇದಾರೆ,” ಎಂದು ದೋಣಿಯಿಂದಲೇ ಕೂಗಿದ. “ಮೇಷ್ಟ್ರೇ, ಇದಾರೆ! ಕೂತ್ಕೊಳ್ಳಿ ಮೊದ್ಲು.”

ಕೂತೆ. ಗುರುವಾರ ಒಂದು ಯಂತ್ರ ಕೆಟ್ಟಿತ್ತು. ಇದ್ದೊಂದಕ್ಕೆ ಎಲ್ಲರ ಸರದಿ ಹೊಂದಿಸಿ ನನ್ನ ಹೆಂಡತಿಯನ್ನು ಶನಿವಾರ ಸಂಜೆ ಕೂರಿಸಿದ್ದರು. ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು.

“ಶುಕ್ರವಾರ ಸುಮ್ನೆ ಹೊದಿಕೆ ಹಾಕ್ಬಿಡು, ಮುದುಕ ಹೆದರ್ಕೋತಾನೆ ಅಂದೆ ಮಗಳಿಗೆ. ಆಗದೇ ಇದ್ದಿದ್ದನ್ನ ಆಯ್ತು ಅಂತ ತೋರಿಸಲ್ಲ ಅಂದ್ಲು. ನಿಮ್ಮ ಹತ್ರ ಲೆಕ್ಕ ಕಲಿತೋಳು.”

“ಹೇಗಿದ್ದಾಳೆ?”

ಅವನು ಹುಟ್ಟಿನ ನೀರು ಒರೆಸಿದ. “ಸುಳ್ಳು ಹೇಳಲ್ಲ. ಮೆಟ್ಟಿಲು ಹತ್ತಲ್ಲ ಈಗ. ನಾನೂ ಮಗಳೂ ಕುರ್ಚಿ ಸಮೇತ ಎತ್ಕೊಂಡು ಹೋಗ್ತೀವಿ. ನನಗೆ ಕೆಮ್ಮು ಬಂದ್ರೆ ‘ನಿಧಾನ ಅಣ್ಣ, ನಾನು ಮೊದ್ಲೋ ನೀನು ಮೊದ್ಲೋ’ ಅಂತ ನಗ್ತಾರೆ. ಟೀ ಕುದಿಸೋಕೆ ಬಂತಾ ಅಂತ ಕೇಳ್ಕೊಂಡು ಬಾ ಅಂದ್ರು.”

ಟೀ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು, “ಬಂದಿಲ್ಲ ಅಂತ ಹೇಳ್ತೀನಿ,” ಎಂದ.

ಆಮೇಲೆ ನನ್ನ ಪೆಟ್ಟಿಗೆಯ ಕಡೆ ನೋಡಿದ. ಏನು ಕೇಳುತ್ತಿದ್ದಾನೆಂದು ತಿಳಿಯಿತು. ಪುಟ ಮೂವತ್ತೆಂಟನ್ನು ತೆಗೆದು ಓದಿದೆ. ನಾಲ್ಕು ವಾಕ್ಯಗಳಿದ್ದದ್ದು ಇಪ್ಪತ್ತೆರಡಾಗಿತ್ತು. ಗಡ್ಡೆಯ ಉದ್ದಗಲ, ಅದು ಮೊದಲಿದ್ದದ್ದು, ಈಗ ಉಳಿದದ್ದು. ಇಪ್ಪತ್ತಾರು ಮನೆಗಳು ಯಾವ ಕ್ರಮದಲ್ಲಿದ್ದವು, ಯಾವುದು ಯಾವ ವರ್ಷ ಹೋಯಿತು. ಪಟ್ಟಣದ ನ್ಯಾಯಾಲಯದ ಕಲ್ಲುಗಳನ್ನೆಲ್ಲ ಹೊತ್ತು ತಂದದ್ದು ಈ ಊರಿನ ದೋಣಿಗಳೆಂಬುದು. ಗಂಡಸರು ಹಾಗೆ ಕಲ್ಲು ಸಾಗಿಸಲು ಹೋಗಿದ್ದ ಬೇಸಗೆಯಲ್ಲಿ ಹನ್ನೊಂದು ಹೆಂಗಸರು ಸೇರಿ ಇಪ್ಪತ್ತೆಂಟು ಅಡಿಯ ಬಾವಿ ತೋಡಿದರೆಂಬುದು.

“ಹನ್ನೆರಡು,” ಎಂದ ಅಂಬಿಗ.

“ಹನ್ನೊಂದು ಅಂತ ಮೀನುಗಾರನ ತಾಯಿ ಹೇಳಿದ್ದು.”

“ಅವರು ತೋಡಿದೋರನ್ನ ಎಣಿಸಿದಾರೆ. ನಮ್ಮಜ್ಜಿ ತುಂಬು ಬಸುರಿ. ಮೇಲೆ ಕೂತು ಹಗ್ಗ ಹಿಡಿದಿದ್ಲು. ಹಗ್ಗ ಹಿಡಿದೋಳು ಲೆಕ್ಕಕ್ಕಿಲ್ವಾ?”

ಹನ್ನೊಂದನ್ನು ಹೊಡೆದು ಹನ್ನೆರಡು ಎಂದು ಬರೆದೆ.

“ಸರಿ ಇದೆ,” ಎಂದ ಕೊನೆಗೆ. ಕಣ್ಣು ಒರೆಸಿಕೊಂಡನೋ ಬೆವರೋ, ನೋಡಲಿಲ್ಲ. “ಅಚ್ಚು ಯಾವಾಗ?”

ಶಿಕ್ಷ‍ಣ ಕಚೇರಿಗೆ ಬರೆದಿದ್ದೆ. ಅವರ ಉತ್ತರವನ್ನು ಅವನ ಕೈಗೆ ಕೊಟ್ಟೆ. ಓದಲು ಬಾರದೆಂದು ಹಿಂದಿರುಗಿಸಿದ. ನಾನೇ ಓದಿದೆ. ಜಿಲ್ಲೆಯ ಸ್ಥಾನ ಮುಂದಿನ ವರ್ಷದ ಜೂನ್ ಹದಿನೆಂಟರ ನಂತರ ಖಚಿತವಾದರೆ ಮಾತ್ರ ಪುಸ್ತಕದ ಹೊಸ ಮುದ್ರಣ; ಜಿಲ್ಲೆಯೇ ಇಲ್ಲವಾದರೆ ಪುಸ್ತಕವೂ ಇಲ್ಲ.

ಅಂಬಿಗ ಹೊಸಿಲಿನಿಂದ ದಂಡೆಯವರೆಗೆ ಒಮ್ಮೆ ಕಣ್ಣಿನಲ್ಲೇ ಅಳೆದ. ಅವನಿಗೆ ಹಗ್ಗ ಬೇಕಿರಲಿಲ್ಲ.

“ಸಾಲದಲ್ಲ ಮೇಷ್ಟ್ರೇ,” ಎಂದ.

“ಐವತ್ತನಾಲ್ಕು ದಿನ ಸಾಲದು.”

ಹುಟ್ಟು ಎತ್ತಿಕೊಂಡು ದೋಣಿ ಹತ್ತಿದ. ಮಧ್ಯಾಹ್ನದೊಳಗೆ ನನ್ನ ಹೆಂಡತಿಯನ್ನು ತಿರುಗಿಸಿ ಮಲಗಿಸಬೇಕಿತ್ತು.

ಇಂದು ಅಕ್ಟೋಬರ್ ಇಪ್ಪತ್ತು, ಸೋಮವಾರ. ಐದು ಗಂಟೆ ಹನ್ನೆರಡು ನಿಮಿಷಕ್ಕೆ ಹೊದಿಕೆ ಕಂಡಿತು. ಒಲೆ ಹಚ್ಚಿದೆ. ಹದಿನೈದನೇ ತಾರೀಖು ಅಲ್ಲದಿದ್ದರೂ ಹಗ್ಗ ಹಿಡಿದು ಅಳೆದೆ: ಹದಿನೆಂಟೂವರೆ ಅಡಿ. ಪುಟ ಪೆಟ್ಟಿಗೆಯಲ್ಲಿದೆ. ಅಂಬಿಗನ ಸಾಲ ಬಾಕಿ.